ಬಾಯಿಮಾತಿನ ಗುತ್ತಿಗೆಗೆ ಕಾಗದ ಬೇಕು



ನಿಮ್ಮ ಊರಿನ ಹೊಲಗದ್ದೆಗಳನ್ನು ಒಂದು ಕಡೆಯಿಂದ ಮನಸ್ಸಿನಲ್ಲೇ ಎಣಿಸಿಕೊಂಡು ಬನ್ನಿ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರೇ ಉತ್ತು ಬಿತ್ತುತ್ತಿರುವ ಜಮೀನು ಎಷ್ಟು? ಇನ್ನೊಬ್ಬರು ಉಳುತ್ತಿರುವುದು ಎಷ್ಟು? ಒಬ್ಬನಿಗೆ ವಯಸ್ಸಾಗಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಇನ್ನೊಂದು ಮನೆಯಲ್ಲಿ ಗಂಡ ತೀರಿಕೊಂಡು ಹೆಂಗಸೊಬ್ಬಳೇ ಉಳಿದಿದ್ದಾಳೆ. ಮತ್ತೊಬ್ಬ ಮೇಷ್ಟರ ಕೆಲಸಕ್ಕೆ ದೂರದ ಜಿಲ್ಲೆ ಸೇರಿದ್ದಾನೆ. ಇವರೆಲ್ಲರ ಜಮೀನು ಬೀಳು ಬಿದ್ದಿಲ್ಲ. ಯಾರೋ ಒಬ್ಬ ಪಕ್ಕದ ಹೊಲದವನು, ಎರಡು ಎಕರೆ ಸ್ವಂತ ಇದ್ದು ಇನ್ನೆರಡು ಸಿಕ್ಕಿದರೆ ಸಂಸಾರ ನಡೆದೀತು ಅನ್ನುವವನು, ಅದನ್ನು ಮಾಡುತ್ತಿದ್ದಾನೆ. ಒಂದು ಸೀಮೆಯಲ್ಲಿ ಇದನ್ನು ವಾರ ಅನ್ನುತ್ತಾರೆ, ಇನ್ನೊಂದು ಕಡೆ ಕೋರು, ಪಾಲು, ಲಾವಣಿ, ಕರಾವಳಿಯಲ್ಲಿ ಗೇಣಿ. ಹೆಸರು ಯಾವುದಾದರೇನು, ವ್ಯವಹಾರ ಒಂದೇ. ಬಾಯಿಮಾತು, ಅರಳಿಕಟ್ಟೆಯ ಮೇಲಿನ ಒಪ್ಪಿಗೆ, ಯುಗಾದಿಯಿಂದ ಯುಗಾದಿಗೆ ಲೆಕ್ಕ.

ಈ ಬಾಯಿಮಾತಿಗೆ ಕಾನೂನಿನಲ್ಲಿ ಏನು ಬೆಲೆ ಗೊತ್ತೇ? ಬೆಲೆ ಇಲ್ಲದಿದ್ದರೆ ಹೋಗಲಿ ಅನ್ನಬಹುದಿತ್ತು. ಅದು ಅಪರಾಧ ಸ್ವಾಮಿ! ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 5ನೇ ಕಲಮು ವ್ಯವಸಾಯದ ಜಮೀನನ್ನು ಗುತ್ತಿಗೆಗೆ ಕೊಡಕೂಡದು ಎಂದು ಹೇಳುತ್ತದೆ. ಸೈನಿಕನಿಗೂ ಹಡಗಿನಲ್ಲಿ ದುಡಿಯುವ ನಾವಿಕನಿಗೂ ಮಾತ್ರ ವಿನಾಯಿತಿ. ಕಾನೂನು ಮೀರಿ ಗುತ್ತಿಗೆ ಕೊಟ್ಟ ಜಮೀನು ಸರ್ಕಾರಕ್ಕೆ ಸೇರಬೇಕೆಂದೂ ಅದೇ ಕಾಯ್ದೆಯಲ್ಲಿ ಬರೆದಿದೆ. ಅಂದರೆ ನಮ್ಮ ರಾಜ್ಯದ ಯಾವ ಹಳ್ಳಿಗೆ ಹೋದರೂ ಕಾನೂನು ಮುರಿದವರು ಸಿಗುತ್ತಾರೆ. ಅವರು ಕಳ್ಳರಲ್ಲ, ಸುಳ್ಳರಲ್ಲ. ಒಬ್ಬನಿಗೆ ಉಳಲು ಶಕ್ತಿಯಿಲ್ಲ, ಇನ್ನೊಬ್ಬನಿಗೆ ಉಳಲು ಜಮೀನಿಲ್ಲ, ಅಷ್ಟೇ.

ಈ ಕಲಮು ಯಾಕೆ ಬಂತು ಅನ್ನುವುದನ್ನು ಮರೆತು ಮಾತಾಡಿದರೆ ಅನ್ಯಾಯವಾಗುತ್ತದೆ. ಗೇಣಿ ಪದ್ಧತಿಯ ಹೆಸರಿನಲ್ಲಿ ನಮ್ಮ ಹಿರಿಯರು ಏನೇನು ಅನುಭವಿಸಿದರು ಎಂಬುದು ಮಲೆನಾಡು, ಕರಾವಳಿಯ ಮನೆಮನೆಗೂ ಗೊತ್ತು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಶಾಂತವೇರಿ ಗೋಪಾಲಗೌಡರು ಅವರ ಜೊತೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿ ಬಿತ್ತಿದ ಬೀಜ 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಫಲ ಕೊಟ್ಟಿತು. ಆ ವರ್ಷ ಮಾರ್ಚ್ 1ರಂದು ಗೇಣಿದಾರನ ಕೈಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಫಾರಂ 7 ಹಾಕಿದವನಿಗೆ ಭೂ ನ್ಯಾಯಮಂಡಳಿಯ ಮೂಲಕ ಹಕ್ಕು ಸಿಕ್ಕಿತು. ಇಂದು ಈ ಪತ್ರಿಕೆ ಓದುವ ಎಷ್ಟೋ ಮಂದಿಯ ಪಟ್ಟಾ ಹುಟ್ಟಿದ್ದೇ ಆ ಕಾಯ್ದೆಯಿಂದ. ಮತ್ತೆ ಜಮೀನ್ದಾರಿಕೆ ತಲೆ ಎತ್ತಬಾರದು ಅಂತ ಗುತ್ತಿಗೆಯ ಬಾಗಿಲನ್ನೇ ಮುಚ್ಚಿದರು. ಅಂದಿಗೆ ಅದು ಸರಿ.

ಆದರೆ ಇಂದು ಗುತ್ತಿಗೆ ಕೊಡುವವನು ಯಾರು? ನೂರಾರು ಎಕರೆಯ ಧಣಿಯಲ್ಲ. ಮೂರು ಎಕರೆಯ ಮುದುಕ. ತೆಗೆದುಕೊಳ್ಳುವವನು ಒಂದೂವರೆ ಎಕರೆಯ ಹುಡುಗ. ಎಷ್ಟೋ ಸಲ ಕೊಡುವವನಿಗಿಂತ ತೆಗೆದುಕೊಳ್ಳುವವನೇ ಕೈಕಾಲು ಗಟ್ಟಿ ಇರುವವನು, ಟ್ರ್ಯಾಕ್ಟರ್ ಇರುವವನು. ಧಣಿಯನ್ನು ಕಟ್ಟಲು ಹೆಣೆದ ಹಗ್ಗ ಇವತ್ತು ಇಬ್ಬರು ಬಡವರ ಕಾಲಿಗೆ ತೊಡರಿಕೊಂಡಿದೆ.

ಹಾಗಾದರೆ ಸರ್ಕಾರಕ್ಕೆ 1974ರ ಕಾಯ್ದೆಯ ಮೇಲೆ ಅಷ್ಟು ಭಕ್ತಿಯೇ? ನೋಡೋಣ ಬನ್ನಿ.

1995ರಲ್ಲಿ ಅದೇ 5ನೇ ಕಲಮಿಗೆ ತಿದ್ದುಪಡಿ ಬಂತು. ಯಾರಿಗಾಗಿ? ಕರಾವಳಿಯಲ್ಲಿ ಸೀಗಡಿ, ಮೀನು ಸಾಕುವ ಉದ್ದಿಮೆಗಾಗಿ. ಅದಕ್ಕೆ 20 ವರ್ಷದವರೆಗೂ ಗುತ್ತಿಗೆ ಕೊಡಲು ದಾರಿಯಾಯಿತು. ಬೇಸಾಯಗಾರನಲ್ಲದವನು ಜಮೀನು ಕೊಳ್ಳಬಾರದು ಅಂತ ತಡೆದಿದ್ದ 79ಎ, 79ಬಿ ಕಲಮುಗಳ ಕಥೆಯೂ ಗೊತ್ತೇ ಇದೆ. ಬೇರೆ ಆದಾಯದ ಮಿತಿಯನ್ನು 2 ಲಕ್ಷದಿಂದ 2015ರಲ್ಲಿ 25 ಲಕ್ಷಕ್ಕೆ ಏರಿಸಿದರು. 2020ರಲ್ಲಿ, ಕೊರೋನಾ ಬಂದು ಜನ ಬೀದಿಗಿಳಿಯಲಾಗದ ಹೊತ್ತಿನಲ್ಲಿ, ಸುಗ್ರೀವಾಜ್ಞೆ ತಂದು ಆ ಕಲಮುಗಳನ್ನೇ ಕಿತ್ತು ಹಾಕಿದರು. ಈಗ ನೇಗಿಲ ಮೇಣಿ ಮುಟ್ಟದವನೂ ದುಡ್ಡಿದ್ದರೆ ನಿಮ್ಮ ಹೊಲ ಕೊಳ್ಳಬಹುದು.

ಇನ್ನು ಪಾವಗಡಕ್ಕೆ ಹೋಗೋಣ. ತಿರುಮಣಿ, ವಳ್ಳೂರು, ರಾಯಚರ್ಲು, ಬಳಸಮುದ್ರ, ಕ್ಯಾತಗಾನಚರ್ಲು, ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಎದ್ದಿದೆ. ಅಲ್ಲಿ ಜಮೀನು ಕೊಂಡಿಲ್ಲ, ಗುತ್ತಿಗೆ! ಸರ್ಕಾರದ ನಿಗಮವೇ ಮುಂದೆ ನಿಂತು ರೈತರಿಂದ ಗುತ್ತಿಗೆ ಪತ್ರ ಬರೆಸಿಕೊಂಡಿತು. ಪಟ್ಟಾ ರೈತನ ಹೆಸರಿನಲ್ಲೇ ಉಳಿಯಿತು, ವರ್ಷಕ್ಕೆ ಎಕರೆಗೆ 21,000 ರೂಪಾಯಿ ಬಾಡಿಗೆ. ಮಳೆಯೇ ಕಾಣದ ಆ ಸೀಮೆಯ ರೈತ ಒಪ್ಪಿದ್ದರಲ್ಲಿ ತಪ್ಪೇನೂ ಇಲ್ಲ. ಕಡಲೆಕಾಯಿ ಬಿತ್ತಿ ಬೀಜವೂ ಹಿಂದಕ್ಕೆ ಬಾರದ ವರ್ಷಗಳನ್ನು ನೋಡಿದವನು ಅವನು.

ಆದರೆ ಲೆಕ್ಕ ಹಾಕಿ ನೋಡಿ. ಬಾಡಿಗೆ ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಏರುತ್ತದೆ. 20 ವರ್ಷ ಕಳೆದ ಮೇಲೆ 21,000 ಆಗುವುದು ಸುಮಾರು 34,200. ಅದೇ 20 ವರ್ಷದಲ್ಲಿ ಉಪ್ಪು, ಎಣ್ಣೆ, ಮಕ್ಕಳ ಫೀಸು ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೂ ಸಾಕು, ಇವತ್ತು 21,000ಕ್ಕೆ ಸಿಗುವ ಸಾಮಾನಿಗೆ ಆಗ 55,700 ಕೊಡಬೇಕು. ಬಾಡಿಗೆ ಏರುತ್ತಿದೆ ಅಂತ ಕಂಡರೂ ನಿಜದಲ್ಲಿ ಅದು ಇಳಿಯುತ್ತಿರುತ್ತದೆ. ಇನ್ನು ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಬಾಡಿಗೆಯೂ ಇಲ್ಲ, ಕೆಲಸವೂ ಇಲ್ಲ.

ಈಗ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿ. ಸೀಗಡಿಗೆ ಗುತ್ತಿಗೆ ಕೊಡಬಹುದು. ಬಿಸಿಲಿಗೆ ಗುತ್ತಿಗೆ ಕೊಡಬಹುದು. ಪಟ್ಟಣದ ಹಣವಂತನಿಗೆ ಮಾರಿಯೇ ಬಿಡಬಹುದು. ರಾಗಿ ಬೆಳೆಯುವ ಪಕ್ಕದ ಮನೆಯವನಿಗೆ ಒಂದು ವರ್ಷಕ್ಕೆ ಕೊಟ್ಟರೆ ಮಾತ್ರ ಅಪರಾಧ! ದೊಡ್ಡವರು ಬಂದಾಗಲೆಲ್ಲ ದಿಡ್ಡಿ ಬಾಗಿಲು ತೆರೆದಿದೆ, ಊರಿನವನಿಗೆ ಕಿಂಡಿಯೂ ಇಲ್ಲ. ಇದು ಉಳುವವನನ್ನು ಕಾಯುವ ಕಾನೂನೇ?

ಕಾಗದವಿಲ್ಲದ ಗುತ್ತಿಗೆಯಿಂದ ಉಳುವವನಿಗೆ ಏನಾಗುತ್ತಿದೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲು ಸಾಲ. ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಸಂತೋಷ. ಅದು ಸಿಗುವುದು ಯಾರಿಗೆ? ಪಹಣಿ ಇದ್ದವನಿಗೆ. ಕಿಸಾನ್ ಕ್ರೆಡಿಟ್ ಕಾರ್ಡಿನ ನಿಯಮದಲ್ಲಿ ಬಾಯಿಮಾತಿನ ಗುತ್ತಿಗೆದಾರನಿಗೂ ಪಾಲುದಾರನಿಗೂ ಸಾಲ ಕೊಡಬಹುದು ಅಂತ ರಿಸರ್ವ್ ಬ್ಯಾಂಕು ಸ್ಪಷ್ಟವಾಗಿಯೇ ಬರೆದಿದೆ. ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಏನಂತಾನೆ? ಪಹಣಿ ತಗೊಂಬಾ ಅಂತಾನೆ. ಅವನದೂ ತಪ್ಪಲ್ಲ. ರಾಜ್ಯದ ಕಾಯ್ದೆ ಅಪರಾಧ ಅನ್ನುವ ವ್ಯವಹಾರಕ್ಕೆ ಅವನು ಯಾವ ಧೈರ್ಯದ ಮೇಲೆ ಸಾಲ ಕೊಟ್ಟಾನು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಇಲ್ಲಿ ಪೂಜಾರಿಯ ಕೈಯನ್ನೇ ಕಟ್ಟಿಹಾಕಿದ್ದಾರೆ.

ಆಗ ಅವನು ಹೋಗುವುದು ಕೈಸಾಲಕ್ಕೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ, ಅಂದರೆ ವರ್ಷಕ್ಕೆ 36. ಬಿತ್ತನೆಗೆ, ಗೊಬ್ಬರಕ್ಕೆ, ಗುತ್ತಿಗೆ ಹಣಕ್ಕೆ ಅಂತ 50,000 ಎತ್ತಿದರೆ ಆರು ತಿಂಗಳಿಗೆ ಬಡ್ಡಿಯೇ 9,000. 2025-26ರ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಹತ್ತಿರ ಹತ್ತಿರ ಎರಡು ಕ್ವಿಂಟಾಲ್ ರಾಗಿ ಬರೀ ಬಡ್ಡಿಗೆ ಹೋಯಿತು. ಪಹಣಿ ಇದ್ದವನಿಗೆ ಬಡ್ಡಿ ಸೊನ್ನೆ, ಇಲ್ಲದವನಿಗೆ ಎರಡು ಮೂಟೆ ರಾಗಿ. ಹೊಲ ಒಂದೇ, ಮಳೆ ಒಂದೇ. ಕಿರುಸಾಲದ ಕಂಪನಿಗಳ ಕಾಟ ತಡೆಯಲಾಗದೆ 2025ರಲ್ಲಿ ರಾಜ್ಯ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ವಸೂಲಿಯ ಕಿರುಕುಳವನ್ನು ತಡೆಯುವುದು ಸರಿ. ಬ್ಯಾಂಕಿನ ಬಾಗಿಲು ಮುಚ್ಚಿದ್ದರಿಂದಲೇ ಜನ ಆ ಕಂಪನಿಗಳ ಬಾಗಿಲಿಗೆ ಹೋದರು ಅನ್ನುವ ಮೂಲಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ.

ಎರಡನೆಯದು ಬೆಲೆ. ಬೆಂಬಲ ಬೆಲೆಯ ಕೇಂದ್ರಕ್ಕೆ ರಾಗಿ ಹಾಕಬೇಕಾದರೆ ಫ್ರೂಟ್ಸ್ ಸಂಖ್ಯೆ ಬೇಕು. ಆ ಸಂಖ್ಯೆ ಹುಟ್ಟುವುದು ಪಹಣಿಯಿಂದ. ಉತ್ತವನು ಜಮೀನಿನ ಯಜಮಾನನ ಸಂಖ್ಯೆಯಲ್ಲಿ ಹಾಕಿಸಿ, ಅವನ ಖಾತೆಗೆ ಹಣ ಬಂದ ಮೇಲೆ ಕೈಚಾಚಿ ಇಸಕೊಳ್ಳಬೇಕು. ಇಲ್ಲದಿದ್ದರೆ ಮನೆ ಬಾಗಿಲಿಗೆ ಬಂದ ದಲ್ಲಾಳಿಗೆ ಅವನು ಹೇಳಿದ ರೇಟಿಗೆ ಅಳೆಯಬೇಕು. ಬೆಂಬಲ ಬೆಲೆ ಏರಿಸಿ ಅಂತ ನಾವೆಲ್ಲ ಒಟ್ಟಾಗಿ ಕೂಗುತ್ತೇವೆ. ಏರಿದ ಬೆಲೆ ಬೆಳೆದವನ ಕೈಗೆ ಸೇರುವ ದಾರಿಯನ್ನೂ ಕೇಳಬೇಕಲ್ಲವೇ?

ಮೂರನೆಯದು ನಷ್ಟ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟಬೇಕಾದ್ದು ವಿಮೆ ಮೊತ್ತದ ನೂರಕ್ಕೆ 2 ಮಾತ್ರ. ಗುತ್ತಿಗೆದಾರನೂ ಸೇರಬಹುದು ಅನ್ನುತ್ತಾರೆ, ಗುತ್ತಿಗೆಯ ಕಾಗದ ತೋರಿಸು ಅಂತಲೂ ಅನ್ನುತ್ತಾರೆ. ಬರೆಯುವುದೇ ಅಪರಾಧವಾದ ಕಾಗದವನ್ನು ಎಲ್ಲಿಂದ ತರುವುದು? 2023ರ ಬರ ನೆನಪಿದೆಯಲ್ಲ? 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮೊದಲ ಕಂತೆಂದು 2,000 ರೂಪಾಯಿವರೆಗೆ ಖಾತೆಗೆ ಹಾಕಿದರು. ಕೇಂದ್ರದಿಂದ ಪರಿಹಾರ ಪಡೆಯಲು ರಾಜ್ಯ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಕೊನೆಗೆ ಬಂದ ಹಣ ಯಾರ ಖಾತೆಗೆ ಹೋಯಿತು? ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಮ್ಮಾನ್ ಹಣವೂ ಅಷ್ಟೆ. ಬೀಜ ಕಳೆದುಕೊಂಡವನು ಒಬ್ಬ, ಪರಿಹಾರ ಪಡೆದವನು ಇನ್ನೊಬ್ಬ. ಕೊನೆಗೆ ಸಾಲಕ್ಕೆ ಸೋತು ಅವನು ಜೀವ ಕಳೆದುಕೊಂಡರೂ, ಪಹಣಿ ಇಲ್ಲದವನ ಸಾವು ರೈತನ ಸಾವು ಅಂತ ರುಜುವಾತು ಮಾಡಲು ಹೆಂಡತಿ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಕೆಲವರು ಕೇಳುತ್ತೀರಿ: "ಎಲ್ಲಾ ಸರಿ, ಕಾಗದ ಬರೆದುಕೊಟ್ಟರೆ ನಾಳೆ ಜಮೀನು ಅವನದಾಗಲ್ವೇ? ನಮ್ಮಪ್ಪ ಹೀಗೇ ಕಳಕೊಂಡರು." ಈ ಭಯ ಸುಳ್ಳಲ್ಲ. ಇದನ್ನು ಹಗುರವಾಗಿ ನೋಡುವವರು ಹಳ್ಳಿಯನ್ನು ತಿಳಿದವರಲ್ಲ. ಆದರೆ ಭಯ ಎಲ್ಲಿದೆ, ಎಲ್ಲಿಲ್ಲ ಅಂತ ಬಿಡಿಸಿ ನೋಡಬೇಕು.

ಫಾರಂ 7ರ ಬಾಗಿಲು 1979ರ ಜೂನ್ 30ಕ್ಕೇ ಮುಚ್ಚಿತು. ಆ ಹಕ್ಕು ಇದ್ದದ್ದು 1974ರ ಮಾರ್ಚ್ 1ಕ್ಕೆ ಮೊದಲೇ ಗೇಣಿಯಲ್ಲಿದ್ದವರಿಗೆ. ನಿನ್ನೆ ಮೊನ್ನೆ ವಾರಕ್ಕೆ ಕೊಟ್ಟವನು ಆ ದಾರಿಯಲ್ಲಿ ಬಂದು ನಿಮ್ಮ ಜಮೀನು ಕೇಳಲಾರ. ಹನ್ನೆರಡು ವರ್ಷ ಉತ್ತರೆ ಅವನದೇ ಅನ್ನುವ ಮಾತು ಕಟ್ಟೆಯ ಮೇಲೆ ಬಹಳ ಕೇಳಿಬರುತ್ತದೆ. ಅದೂ ಅರ್ಧ ಸತ್ಯ. ಯಜಮಾನನ ಹಕ್ಕನ್ನು ಧಿಕ್ಕರಿಸಿ, ಬಹಿರಂಗವಾಗಿ, ತನ್ನದೇ ಅಂತ 12 ವರ್ಷ ಅನುಭವಿಸಿದವನ ವಿಷಯ ಅದು. ನೀವು ಒಪ್ಪಿ ಕೊಟ್ಟಿದ್ದು, ಅವನು ಒಪ್ಪಿ ಗುತ್ತಿಗೆ ಅಳೆದದ್ದು ಎಷ್ಟು ವರ್ಷ ನಡೆದರೂ ಆ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಒಂದು ಪ್ರಶ್ನೆ. ನೀವು ಒಪ್ಪಿ ಕೊಟ್ಟದ್ದು ಅಂತ ನಾಳೆ ಕೋರ್ಟಿನಲ್ಲಿ ಹೇಗೆ ತೋರಿಸುತ್ತೀರಿ? ಸಾಕ್ಷಿ ಹೇಳಬೇಕಾದ ಹಿರಿಯರು ತೀರಿಕೊಂಡಿರುತ್ತಾರೆ. ಗುತ್ತಿಗೆ ಹಣ ಕೈಯಿಂದ ಕೈಗೆ ಹೋಗಿದೆ, ರಸೀದಿ ಇಲ್ಲ. ಪಹಣಿಯ 9ನೇ ಕಾಲಮ್ಮಿನಲ್ಲಿ ನಿಮ್ಮ ಹೆಸರು, ಸಾಗುವಳಿಯ 12ನೇ ಕಾಲಮ್ಮಿನಲ್ಲಿ ಯಾವಾಗಲೋ ಯಾರೋ ಬರೆಸಿದ ಅವನ ಹೆಸರು. ಪಹಣಿಯ ನಮೂದು ತಪ್ಪೆಂದು ತೋರಿಸುವ ತನಕ ಸರಿಯೆಂದೇ ಭಾವಿಸಬೇಕು ಎಂದು ಭೂ ಕಂದಾಯ ಕಾಯ್ದೆಯ 133ನೇ ಕಲಮು ಹೇಳುತ್ತದೆ. ಆಗ ನಿಮ್ಮನ್ನು ಕಾಪಾಡುವುದು ಯಾವುದು? ಇಷ್ಟು ತಿಂಗಳಿಗೆ, ಇಷ್ಟು ಹಣಕ್ಕೆ, ಬೆಳೆ ಬೆಳೆಯಲು ಮಾತ್ರ ಕೊಟ್ಟಿದ್ದೇನೆ ಅನ್ನುವ ಒಂದು ಕಾಗದ. ಯಾವ ಕಾಗದಕ್ಕೆ ನೀವು ಹೆದರುತ್ತೀರೋ ಅದೇ ಕಾಗದ ನಿಮ್ಮ ಪಟ್ಟಾಕ್ಕೂ ಕಾವಲು. ಇವತ್ತಿನ ಕಾನೂನು ಆ ಕಾವಲನ್ನು ಇಬ್ಬರಿಗೂ ತಪ್ಪಿಸಿದೆ.

ಈ ಭಯದಿಂದಲೇ ಎಷ್ಟೋ ಯಜಮಾನರು ವರ್ಷವರ್ಷ ಗುತ್ತಿಗೆದಾರನನ್ನು ಬದಲಾಯಿಸುತ್ತಾರೆ. ಮುಂದಿನ ವರ್ಷ ತನ್ನದಲ್ಲದ ಹೊಲಕ್ಕೆ ಯಾವನು ಕೊಟ್ಟಿಗೆ ಗೊಬ್ಬರ ಹಾಕುತ್ತಾನೆ? ಯಾವನು ಬದು ಕಟ್ಟುತ್ತಾನೆ? ಸರ್ಕಾರಿ ಗೊಬ್ಬರ ಎರಚಿ, ಬಂದಷ್ಟು ಬಾಚಿಕೊಂಡು ಹೋಗುತ್ತಾನೆ. ನಷ್ಟ ನಿಮ್ಮ ಮಣ್ಣಿಗೇ. ಇನ್ನು ಕೆಲವರು ಯಾರ ಸಹವಾಸವೂ ಬೇಡ ಅಂತ ಬೀಳು ಬಿಡುತ್ತಾರೆ. ಬೀಳು ಬಿದ್ದ ಹೊಲದ ಮೇಲೆ ಮೊದಲು ಬಂದು ನಿಲ್ಲುವುದು ಸೈಟು ಮಾಡುವವನ ಕಾರು.

ಬೇರೆ ಕಡೆ ಏನು ಮಾಡಿದ್ದಾರೆ? ಆಂಧ್ರದಲ್ಲಿ 2011ರಲ್ಲೇ ಗುತ್ತಿಗೆ ರೈತನಿಗೆ ಸಾಲದ ಅರ್ಹತೆಯ ಕಾರ್ಡು ಕೊಡುವ ಕಾಯ್ದೆ ಬಂತು. ಕಾರ್ಡು ಕೊಟ್ಟರು, ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡಿದವು. 2019ರಲ್ಲಿ ಇನ್ನೊಂದು ಕಾಯ್ದೆ ತಂದು, 11 ತಿಂಗಳ ಒಪ್ಪಂದ, ಯಜಮಾನನ ಹಕ್ಕಿಗೆ ಧಕ್ಕೆಯಿಲ್ಲ, ಸಾಲ, ವಿಮೆ, ಪರಿಹಾರ ಬೆಳೆದವನಿಗೆ ಅಂತ ಬರೆದರು. ಆದರೆ ಅದಕ್ಕೆ ಯಜಮಾನನ ಸಹಿ ಬೇಕು, ಎಷ್ಟೋ ಯಜಮಾನರು ಹೆದರಿ ಸಹಿ ಹಾಕಲಿಲ್ಲ. ಕಾಯ್ದೆ ಬರೆದರಷ್ಟೇ ಸಾಲದು, ಜಮೀನಿದ್ದವನಿಗೆ ಧೈರ್ಯವೂ ಬರಬೇಕು ಅನ್ನುವ ಪಾಠ ಅದು. ದಿಲ್ಲಿಯ ನೀತಿ ಆಯೋಗವೂ 2016ರಲ್ಲಿ ಒಂದು ಮಾದರಿ ಗುತ್ತಿಗೆ ಕಾಯ್ದೆ ಬರೆದು ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ಯಜಮಾನನ ಹಕ್ಕಿಗೆ ಭದ್ರತೆ ಇದೆ, ನಿಜ. ಆದರೆ ಬಾಡಿಗೆ ಎಷ್ಟು, ಅವಧಿ ಎಷ್ಟು ಎಂಬುದಕ್ಕೆ ಮಿತಿಯೇ ಇಲ್ಲ, ಎಲ್ಲಾ ಎರಡು ಕಡೆಯವರ ಒಪ್ಪಿಗೆಗೆ ಬಿಟ್ಟದ್ದು. ಎರಡು ಎಕರೆಯ ರೈತನೂ ಕೋಟಿಗಟ್ಟಲೆ ಬಂಡವಾಳದ ಕಂಪನಿಯೂ ಎದುರಾಬದುರಾ ಕೂತರೆ ಒಪ್ಪಿಗೆ ಯಾರದ್ದಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು.

ಒಂದು, 5ನೇ ಕಲಮಿಗೆ ತಿದ್ದುಪಡಿ ತಂದು, ರೈತ ರೈತನಿಗೆ ಬೇಸಾಯಕ್ಕೆಂದು ಕೊಡುವ ಸಣ್ಣ ಅವಧಿಯ ಗುತ್ತಿಗೆಯನ್ನು ಕಾನೂನುಬದ್ಧ ಮಾಡಬೇಕು. ತೆಗೆದುಕೊಳ್ಳುವವನು ಆ ಸೀಮೆಯಲ್ಲೇ ಇದ್ದು ಸ್ವಂತ ದುಡಿಯುವವನಾಗಿರಬೇಕು, ಅವನ ಹಿಡುವಳಿಗೆ ಮಿತಿ ಇರಬೇಕು. ಕಂಪನಿಗೆ ಈ ಬಾಗಿಲು ತೆರೆಯಕೂಡದು.

ಎರಡು, ಈ ಕಾಗದದಿಂದ ಜಮೀನಿನ ಒಡೆತನದ ಮೇಲೆ ಯಾವ ಕಾಲಕ್ಕೂ ಹಕ್ಕು ಹುಟ್ಟುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆಯಬೇಕು. ಕಾಗದ ಗ್ರಾಮ ಪಂಚಾಯಿತಿಯಲ್ಲಿ, ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ದಾಖಲಾಗಬೇಕು. ಗುತ್ತಿಗೆಯ ದಾಖಲೆ ಪಹಣಿಯಿಂದ ಬೇರೆಯೇ ಇರಲಿ.

ಮೂರು, ಬೆಳೆಸಾಲ, ವಿಮೆ, ಬರ ಪರಿಹಾರ, ಬೆಂಬಲ ಬೆಲೆ ಇವು ಪಟ್ಟಾದ ಹಿಂದೆ ಹೋಗದೆ ಬೆಳೆಯ ಹಿಂದೆ ಹೋಗಬೇಕು. ಆ ಒಂದು ಹಾಳೆಯ ಮೇಲೆ ಗುತ್ತಿಗೆದಾರನಿಗೂ ಫ್ರೂಟ್ಸ್ ಸಂಖ್ಯೆ ಕೊಡಬೇಕು. ಬರ ಬಂದ ವರ್ಷ ಗುತ್ತಿಗೆ ಹಣವೂ ನಷ್ಟಕ್ಕೆ ತಕ್ಕಂತೆ ಇಳಿಯಬೇಕು.

ನಾಲ್ಕು, ಸೋಲಾರ್ ಮುಂತಾದ ಉದ್ದಿಮೆಗೆ ಜಮೀನು ಗುತ್ತಿಗೆಗೆ ಪಡೆಯುವುದಾದರೆ ಗ್ರಾಮಸಭೆಯ ಮುಂದೆ ಕರಾರು ಓದಿ ಹೇಳಬೇಕು. ಬಾಡಿಗೆ ಬೆಲೆ ಏರಿಕೆಗೆ ತಕ್ಕಂತೆ ಏರಬೇಕು. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕಿತ್ತು ಉಳುವಂಥ ಹೊಲವನ್ನೇ ಹಿಂದಕ್ಕೆ ಕೊಡುವ ಹೊಣೆಯನ್ನು ಕರಾರಿನಲ್ಲಿ ಬರೆಯಬೇಕು.

ಸರ್ಕಾರದವರಿಗೆ ಹೇಳಿದ್ದಾಯಿತು. ಇನ್ನು ನಿಮಗೆ ಹೇಳಬೇಕಾದ ಎರಡು ಮಾತಿದೆ, ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಜಮೀನು ಇನ್ನೊಬ್ಬ ಉತ್ತು ಬೆಳೆ ಒಣಗಿದಾಗ ನಿಮ್ಮ ಖಾತೆಗೆ ಬಂತಲ್ಲ ಆ ಪರಿಹಾರ, ಅದು ಯಾರದ್ದು? ಕಾನೂನು ಅದನ್ನು ನಿಮಗೆ ಕೊಟ್ಟಿರಬಹುದು, ನ್ಯಾಯ ಕೊಟ್ಟಿಲ್ಲ. ಅದನ್ನು ಉತ್ತವನಿಗೆ ಕೊಡಲು ಯಾವ ತಿದ್ದುಪಡಿಯೂ ಬೇಕಾಗಿಲ್ಲ. ಬೆಂಬಲ ಬೆಲೆ ಕೇಂದ್ರಕ್ಕೆ ಅವನ ರಾಗಿ ನಿಮ್ಮ ಹೆಸರಿನಲ್ಲಿ ಹೋದರೆ ಹಣ ಬಂದ ದಿನವೇ ಪೂರ್ತಿ ಎಣಿಸಿ ಕೊಡಿ. ದಿಲ್ಲಿಯವರು ನಮಗೆ ಅನ್ಯಾಯ ಮಾಡಿದರು ಅಂತ ಹೆದ್ದಾರಿಗೆ ಇಳಿಯುವ ನಾವು, ನಮ್ಮ ಹೊಲದ ಬದುವಿನಲ್ಲೇ ಅನ್ಯಾಯ ಇಟ್ಟುಕೊಂಡರೆ ನಮ್ಮ ಕೂಗಿಗೆ ಯಾರು ಬೆಲೆ ಕೊಡುತ್ತಾರೆ?

ಗುತ್ತಿಗೆಗೆ ಉಳುವವರೂ ಸುಮ್ಮನೆ ಕೂರಬೇಡಿ. ನಾಲ್ಕರಿಂದ ಹತ್ತು ಮಂದಿ ಸೇರಿ ಒಬ್ಬರಿಗೊಬ್ಬರು ಹೊಣೆಯಾಗಿ ನಿಂತರೆ ಜಮೀನಿನ ಆಧಾರವಿಲ್ಲದೆ ಸಾಲ ಕೊಡುವ ಜಂಟಿ ಹೊಣೆಗಾರಿಕೆ ಗುಂಪಿನ ಯೋಜನೆ ನಬಾರ್ಡಿನಲ್ಲಿದೆ. ಗುಂಪು ಕಟ್ಟಿ, ಬ್ಯಾಂಕಿಗೆ ಹೋಗಿ ಲಿಖಿತ ಅರ್ಜಿ ಕೊಡಿ. ಇಲ್ಲ ಅಂದರೆ ಇಲ್ಲ ಅನ್ನುವುದನ್ನೂ ಬರೆದುಕೊಡಿ ಅಂತ ಕೇಳಿ. ಬರೆದ ಉತ್ತರ ಕೈಯಲ್ಲಿದ್ದರೆ ಹೋರಾಟಕ್ಕೆ ಕಾಲು ಬರುತ್ತದೆ.

ಮುಂದಿನ ಗ್ರಾಮಸಭೆಗೆ ಜಮೀನು ಕೊಟ್ಟವನೂ ತೆಗೆದುಕೊಂಡವನೂ ಒಟ್ಟಿಗೆ ಹೋಗಿ. ಗುತ್ತಿಗೆಗೆ ಕಾಗದ ಕೊಡಿ, ಪಟ್ಟಾಕ್ಕೆ ಭದ್ರತೆ ಕೊಡಿ ಅಂತ ಒಂದೇ ನಿರ್ಣಯ ಬರೆಸಿ, ಇಬ್ಬರೂ ಸಹಿ ಹಾಕಿ. ನಿಮ್ಮ ಶಾಸಕರು ಊರಿಗೆ ಬಂದಾಗ ಅದರ ಪ್ರತಿಯನ್ನು ಕೈಗೆ ಕೊಟ್ಟು ಕೇಳಿ: ಸೋಲಾರಿಗೆ ಆಗುವ ಗುತ್ತಿಗೆ ರಾಗಿಗೆ ಯಾಕಾಗಬಾರದು? ಉತ್ತರ ಬರುವ ತನಕ ಕೇಳುತ್ತಲೇ ಇರೋಣ.